ಇಂಜಿನ್ ಇಲಾಖೆಯ ಮೇಷ್ಟ್ರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವರ ಮರ್ಯಾದೆ ಉಳಿಯಲಿ ಎಂದಲ್ಲ. ಹೆಸರು ಬರೆದರೆ ಅವರು ಈ ಪುಟವನ್ನು ಕತ್ತರಿಸಿ, ಕಟ್ಟು ಹಾಕಿಸಿ, ಚಳ್ಳಕೆರೆಯಲ್ಲಿ ಈಗ ಕೆಲಸಕ್ಕಿರುವ ಅಂಗಡಿಯ ಗೋಡೆಗೆ ನೇತುಹಾಕುತ್ತಾರೆ. ಬಂದ ಗಿರಾಕಿಗಳಿಗೆಲ್ಲ "ನನ್ನ ಮೇಲೆ ಪುಸ್ತಕ ಬಂದೈತೆ" ಎನ್ನುತ್ತಾರೆ. ಒಳಗೆ ಏನು ಬರೆದಿದೆ ಎಂದು ಅವರೂ ಓದುವುದಿಲ್ಲ, ಗಿರಾಕಿಗಳೂ ಓದುವುದಿಲ್ಲ.

ಹೋದ ತಿಂಗಳು ಕನ್ನಡಕದ ಗಾಜು ಬದಲಾಯಿಸಲು ಚಳ್ಳಕೆರೆಗೆ ಹೋಗಿದ್ದೆ. ಬಳ್ಳಾರಿ ರಸ್ತೆಯಲ್ಲಿ ಬ್ಯಾಟರಿ ಸ್ಕೂಟರ್ ಮಾರುವ ಹೊಸ ಅಂಗಡಿಯೊಂದರ ಮುಂದೆ ಹೋಗುತ್ತಿದ್ದಾಗ ಒಳಗಿನಿಂದ "ಹೆಡ್ ಮಾಸ್ಟರ್ ಸಾರ್!" ಎಂಬ ಕೂಗು ಬಂತು. ಬೀದಿಯ ಆಚೆ ಬದಿಯ ಜನವೂ ತಿರುಗಿ ನೋಡುವಂಥ ಆ ದನಿ ನನಗೆ ಗೊತ್ತಿತ್ತು. ಇಸ್ತ್ರಿ ಮಾಡಿದ ನೀಲಿ ಅಂಗಿ, ಜೇಬಿನಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರ್, ಹಣೆಯ ಮೇಲಕ್ಕೆ ಏರಿಸಿದ ಕಪ್ಪು ಕನ್ನಡಕ. ಮುಖಕ್ಕೆ ವಯಸ್ಸಾಗಿತ್ತು. ಕನ್ನಡಕ ಅದೇ ಇತ್ತು.

"ಇಲ್ಲಿ ಏನು ಮಾಡುತ್ತಿದ್ದೀರಿ?" ಎಂದು ಕೇಳಿದೆ.

"ಇಡೀ ಸರ್ವಿಸ್ ವಿಭಾಗ ನನ್ನ ಕೈಯಾಗೇ ಐತೆ ಸಾರ್."

"ಇದಕ್ಕೆ ಇಂಜಿನ್ ಇಲ್ಲವಲ್ಲ. ಏನು ರಿಪೇರಿ ಮಾಡುತ್ತೀರಿ?"

"ಅದೇ ಕಷ್ಟ ಸಾರ್. ಬಿಚ್ಚೋಕೆ ಏನೂ ಇಲ್ಲ. ಕೆಟ್ರೆ ಫೋನ್ ನೋಡ್ಬೇಕು, ಫೋನ್ ಹೇಳಿದಂಗೆ ಕೇಳ್ಬೇಕು. ಮನೆಯಾಗೂ ಅದೇ, ಇಲ್ಲೂ ಅದೇ."

"ಹಾಗಾದರೆ ನಿಮ್ಮ ಕೆಲಸ?"

"ಗಿರಾಕಿಗೆ ಧೈರ್ಯ ಹೇಳೋದು."

ಇಷ್ಟು ವರ್ಷಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಅಪ್ಪಟ ಸತ್ಯ ಇದೊಂದೇ ಇರಬೇಕು.

ನಾನು ಮುಖ್ಯೋಪಾಧ್ಯಾಯನಾಗಿದ್ದ ಸರ್ಕಾರಿ ಪ್ರೌಢಶಾಲೆ ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರಿನ ಕಡೆಗೆ ಹೋಗುವಾಗ ಬಂಡೆಗುಡ್ಡಗಳ ನಡುವೆ ಇದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೆ ವೃತ್ತಿ ಶಿಕ್ಷಣ ಮಂಜೂರಾಯಿತು. ಕನ್ನಡ, ಗಣಿತಗಳ ಜೊತೆಗೆ ಇಂಜಿನ್ ರಿಪೇರಿಯೂ ಒಂದು ವಿಷಯ. ಯಾರು ಕೇಳಿದ್ದರೋ ತಿಳಿಯದು. ನಾನು ಕೇಳಿದ್ದು ವಿಜ್ಞಾನದ ಶಿಕ್ಷಕರನ್ನು. ಒಂದು ದಿನ ಮರದ ಪೆಟ್ಟಿಗೆಯಲ್ಲಿ ಮೋಟಾರ್ ಸೈಕಲ್ಲಿನ ಇಂಜಿನ್ ಬಂತು. ಇನ್ನೊಂದು ದಿನ, ಪ್ರಾರ್ಥನೆ ಮುಗಿದು ಮಕ್ಕಳೆಲ್ಲ ತರಗತಿಗೆ ಹೋದ ಮೇಲೆ, ಯಾವುದೋ ಏಜೆನ್ಸಿಯ ಮೂಲಕ ಇವರು ಬಂದರು.

ಅಂದು ತಡವಾಗಿ ಬಂದವರು ಕೊನೆಯವರೆಗೂ ತಡವಾಗಿಯೇ ಬಂದರು. ನಮ್ಮ ಶಾಲೆಯಲ್ಲಿ ಗಂಟೆ ಹೊಡೆದಾಗ ಎಲ್ಲರೂ ಸಾಲಿನಲ್ಲಿ ನಿಂತಿರಬೇಕು, ಶಿಕ್ಷಕರೂ. ಇದು ನಾನು ಮಾಡಿದ ನಿಯಮ, ನನಗೂ ಅನ್ವಯಿಸುತ್ತಿತ್ತು. ಇವರು ಮಾತ್ರ ಎರಡನೇ ಪಿರಿಯಡ್ಡಿನ ಹೊತ್ತಿಗೆ ಕೈಗೆ ಗ್ರೀಸ್ ಮೆತ್ತಿಕೊಂಡು ಒಳಗೆ ಬರುತ್ತಿದ್ದರು.

"ಹಿರೇಹಳ್ಳಿ ಹತ್ರ ಬಸ್ಸು ಕೆಟ್ಟು ನಿಂತುಬಿಡ್ತು ಸಾರ್. ಡ್ರೈವರ್ ಕೈ ಮುಗಿದ. ನಾನೇ ಕೈ ಹಾಕಿದೆ, ಹೊರಡ್ತು."

ಒಂದು ವಾರದಲ್ಲಿ ಆ ಬಸ್ಸು ಹಿರೇಹಳ್ಳಿಯಲ್ಲಿ, ತಳಕಿನಲ್ಲಿ, ಬಿ.ಜಿ. ಕೆರೆಯ ತಿರುವಿನಲ್ಲಿ ಕೆಟ್ಟಿತು. ಶನಿವಾರ ನಾನು ನಿಲ್ದಾಣಕ್ಕೇ ಹೋಗಿ ಕಂಡಕ್ಟರನ್ನು ವಿಚಾರಿಸಿದೆ.

"ನಮ್ಮ ಬಸ್ಸಾ? ಕೆಟ್ಟೇ ಇಲ್ವಲ್ಲ ಸಾರ್," ಎಂದರು ಆತ. "ಅವರೇ ಮೊದಲ್ನೇ ಟ್ರಿಪ್ ಬಿಟ್ಟು ಎರಡನೇದಕ್ಕೆ ಬರೋದು. ಬಂದವರು ಸುಮ್ನೆ ಕೂರಲ್ಲ, ಬಾನೆಟ್ ಮುಟ್ಟಿ ಮುಟ್ಟಿ ನೋಡ್ತಾರೆ."

ಗ್ರೀಸ್ ಎಲ್ಲಿಂದ ಬರುತ್ತಿತ್ತು ಎಂಬುದು ಅದರಿಂದ ತಿಳಿಯಿತು. ಇಂಜಿನ್ ಮೇಷ್ಟ್ರಾಗಿ ಸ್ವಂತ ಬೈಕಿನಲ್ಲಿ ಬರಬಾರದೇ ಎಂದು ಕೇಳಿದರೆ, "ಬಿಚ್ಚಿಟ್ಟೀನಿ ಸಾರ್" ಎಂಬ ಉತ್ತರ. ಅವರು ನಮ್ಮಲ್ಲಿ ಇದ್ದಷ್ಟು ಕಾಲವೂ ಆ ಬೈಕು ಬಿಚ್ಚಿದ ಸ್ಥಿತಿಯಲ್ಲೇ ಇತ್ತು.

ಅವರ ಹಿಂದಿನ ಸಾಹಸಗಳನ್ನು ಕೇಳಲು ಸ್ಟಾಫ್ ರೂಮಿನಲ್ಲಿ ಜನ ಸೇರುತ್ತಿದ್ದರು. ಚಳ್ಳಕೆರೆಯ ಎಣ್ಣೆ ಗಿರಣಿಗಳು ಜೋರಾಗಿ ಓಡುತ್ತಿದ್ದ ಕಾಲದಲ್ಲಿ ಮಾಲೀಕರು ಇವರಿಗೆ ಫೋನ್ ಮಾಡಿ, ರಿಸೀವರನ್ನು ಇಂಜಿನ್ನಿನ ಪಕ್ಕ ಹಿಡಿಯುತ್ತಿದ್ದರಂತೆ. ಇವರು ಮನೆಯಲ್ಲಿ ಕೂತು ಸದ್ದು ಕೇಳಿ ಔಷಧಿ ಹೇಳುತ್ತಿದ್ದರಂತೆ. ಚುನಾವಣೆಗೆ ಬಂದಿಳಿದ ಹೆಲಿಕಾಪ್ಟರ್ ಮತ್ತೆ ಏಳದಿದ್ದಾಗ ಜನರ ನಡುವಿನಿಂದ ಇವರನ್ನು ಕರೆದರಂತೆ. "ಏನಿರ್ಲಿಲ್ಲ ಸಾರ್, ಪ್ಲಗ್ ಒದ್ದೆ ಆಗಿತ್ತು. ಒರೆಸಿ ಕೊಟ್ಟೆ." ಚಳ್ಳಕೆರೆಯ ಆಚೆ ಹುಲ್ಲು ಬಯಲಿನ ಕಾವಲಿನಲ್ಲಿ ವಿಮಾನ ಹಾರಿಸಿ ನೋಡುವ ವಿಜ್ಞಾನಿಗಳೂ ಒಂದೆರಡು ಸಲ ಇವರ ಸಲಹೆ ಕೇಳಿದ್ದುಂಟಂತೆ. ಯಾವ ವಿಷಯದಲ್ಲಿ ಎಂದರೆ, "ಅದನ್ನ ಹೇಳಂಗಿಲ್ಲ ಸಾರ್, ದೇಶದ ವಿಚಾರ." ಸುಳ್ಳು ದೊಡ್ಡದಾದಷ್ಟೂ ಅವರ ಮಾತಿಗೆ ತೆಲುಗು ಬೆರೆಯುತ್ತಿತ್ತು. ಮೊಳಕಾಲ್ಮೂರಿನ ಗಡಿಯವರಿಗೆ ತೆಲುಗು ಹೊಸದಲ್ಲ. ಆದರೆ ಇವರು "ನಿಜಂಗಾ ಸಾರ್" ಎಂದರೆ ಆ ಮಾತಿನಲ್ಲಿ ಒಂದಿಷ್ಟೂ ನಿಜವಿಲ್ಲವೆಂದು ನಾನು ಬೇಗ ಕಲಿತೆ.

ಪಾಠದ ವಿಷಯಕ್ಕೆ ಬರುತ್ತೇನೆ. ಅವರು ಬಂದ ಮೊದಲ ವಾರವೇ ಒಂಬತ್ತನೇ ತರಗತಿಯ ಮಕ್ಕಳು ಇಂಜಿನ್ನನ್ನು ಪೂರ್ತಿ ಬಿಚ್ಚಿ ಹಾಕಿದರು. ಜೋಡಿಸುವುದು ಯಾವಾಗ ಎಂದೆ. "ಬಿಚ್ಚೋದು ಒಂಬತ್ತನೇ ಕ್ಲಾಸು, ಜೋಡಿಸೋದು ಹತ್ತನೇ ಕ್ಲಾಸು ಸಾರ್" ಎಂದರು. ಪಠ್ಯಕ್ರಮದಲ್ಲಿ ಹಾಗೆಲ್ಲೂ ಇರಲಿಲ್ಲ. ಬಿಚ್ಚಿದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಇಡಲು ತಟ್ಟೆಗಳು ಬೇಕಾಗಿದ್ದವು. ಬಿಸಿಯೂಟದ ತಟ್ಟೆಗಳು ಕೈಗೆ ಸಿಕ್ಕವು. ಮಾರನೆಯ ದಿನ ಅಡುಗೆಯಾಕೆ ಸೌಟು ಹಿಡಿದುಕೊಂಡೇ ನನ್ನ ಕೊಠಡಿಗೆ ಬಂದರು.

"ಸಾರ್, ನನ್ನ ಸಾಂಬಾರು ಸೀಮೆಎಣ್ಣೆ ನಾತ ಹೊಡಿತೈತೆ ಅಂತ ಮಕ್ಕಳು ಚೆಲ್ತಾವೆ. ನಾನು ಅಡಿಗೆ ಮಾಡ್ಲಾ, ಇವರ ಸಾಮಾನು ತಿಕ್ಲಾ?"

ಇವರು ಬಾಗಿಲಿನಿಂದಲೇ, "ಅಕ್ಕಾ, ನಿಮ್ಮ ಸಾರಿಗೆ ಮೊದ್ಲು ಯಾವ ವಾಸನೆ ಇತ್ತು ಹೇಳ್ರಿ" ಎಂದರು. ಆಕೆ ಸೌಟು ಎತ್ತಿದರು. ನಾನು ನಡುವೆ ನಿಲ್ಲದಿದ್ದರೆ ಈ ವ್ಯಕ್ತಿಚಿತ್ರ ಇಲ್ಲಿಗೇ ಮುಗಿಯುತ್ತಿತ್ತು.

ತಟ್ಟೆಗಳನ್ನು ಕಸಿದುಕೊಂಡೆ. ಭಾಗಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಲು ಹೇಳಿದೆ. ಅವರು ಬೀಗ ಹಾಕಲಿಲ್ಲ. ಅದಕ್ಕೆ ಬದಲಾಗಿ ಜಗತ್ತಿನ ಯಾವ ಶಾಲೆಯಲ್ಲೂ ಇಲ್ಲದ ಒಂದು ಪದ್ಧತಿ ಹುಟ್ಟಿಹಾಕಿದರು. ಇಂಜಿನ್ನಿನ ಒಂದೊಂದು ಭಾಗವನ್ನು ಒಂದೊಂದು ಮಗುವಿಗೆ ಹಂಚಿಬಿಟ್ಟರು. ಮನೆಗೆ ಒಯ್ಯಬೇಕು, ಒರೆಸಬೇಕು, ತುಕ್ಕು ಹಿಡಿಯದಂತೆ ಎಣ್ಣೆ ಸವರಬೇಕು, ದಿನವೂ ಚೀಲದಲ್ಲಿ ಶಾಲೆಗೆ ತರಬೇಕು. ಜೋಡಿಸುವ ದಿನ ಬಂದಾಗ ಪ್ರತಿಯೊಬ್ಬರೂ ತಮ್ಮ ಭಾಗವನ್ನು ತಮ್ಮ ಕೈಯಿಂದಲೇ ಅದರ ಜಾಗದಲ್ಲಿ ಇಡಬೇಕು. ಬೇರೆಯವರು ಮುಟ್ಟುವಂತಿಲ್ಲ.

ಅಂದಿನಿಂದ ಅವರ ತರಗತಿಯ ಹಾಜರಿ ಹೀಗೆ ನಡೆಯತೊಡಗಿತು:

"ಪಿಸ್ಟನ್?"

"ಬಂದೀನಿ ಸಾರ್."

"ಕ್ಲಚ್ ಪ್ಲೇಟು?"

"ನಾಯಕನಹಟ್ಟಿಗೆ ಹೋಗ್ಯಾನೆ ಸಾರ್, ಅವರ ಅಕ್ಕನ ಮನೆಗೆ."

"ಪ್ಲೇಟು ತಗೊಂಡೇ ಹೋದ್ನಾ?"

"ಹೂಂ ಸಾರ್, ಚೀಲದಾಗೇ ಐತೆ."

"ಬುದ್ಧಿವಂತ. ಕಾರ್ಬ್ಯುರೇಟರ್? ಯಾಕಮ್ಮ ಮುಖ ಬಾಡೈತೆ? ಜ್ವರಾನಾ?"

ಪಕ್ಕದ ಕೊಠಡಿಯಲ್ಲಿ ವ್ಯಾಕರಣ ಹೇಳುತ್ತಿದ್ದ ಕನ್ನಡದ ಶಿಕ್ಷಕಿ ಇದನ್ನು ಕೇಳಿ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಊರಿನಲ್ಲಿ ಇದು ಬೇರೆಯದೇ ರೂಪ ತಳೆಯಿತು. ಸಂತೆಯಲ್ಲಿ ಒಬ್ಬರು ಇನ್ನೊಬ್ಬರಿಗೆ "ನಿಮ್ಮ ಹುಡುಗ ಏನು?" ಎಂದು ಕೇಳುವುದು, ಅವರು "ಗೇರು" ಎಂದು ಎದೆ ಉಬ್ಬಿಸುವುದು ಶುರುವಾಯಿತು. ಒಂದು ಬೆಳಿಗ್ಗೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು ಬಿಳಿ ಪಂಚೆಯಲ್ಲಿ, ಇಬ್ಬರು ಹಿಂಬಾಲಕರೊಂದಿಗೆ ಬಂದರು.

"ಹೆಡ್ ಮೇಷ್ಟ್ರೇ, ಇದು ಸರಿ ಅಲ್ಲ. ನಮ್ಮ ಹೊಲದಾಗೆ ಕೂಲಿ ಮಾಡೋನ ಮಗನಿಗೆ ಪಿಸ್ಟನ್ನು. ನನ್ನ ಮಗನಿಗೆ ವಾಷರ್ರಾ? ಊರಾಗೆ ನನಗೆ ಮುಖ ಇಲ್ದಂಗೆ ಮಾಡೀರಿ."

ಇಂಥ ದೂರಿಗೆ ಉತ್ತರ ಕೊಡುವ ತರಬೇತಿ ನನಗೆ ಯಾರೂ ಕೊಟ್ಟಿರಲಿಲ್ಲ. ಇಂಜಿನ್ ಮೇಷ್ಟ್ರನ್ನು ಕರೆಸಿದೆ. ಅವರು ಅಧ್ಯಕ್ಷರ ಮುಂದೆ ಕೈ ಕಟ್ಟಿ ನಿಂತು ಹೇಳಿದರು: "ಯಜಮಾನ್ರೇ, ಆ ವಾಷರ್ ಇರೋದು ಇಂಜಿನ್ನಿನ ತಳದಾಗೆ. ಅದು ಬಿಗಿಯಾಗಿ ಕುಂತಿದ್ರೇನೇ ಎಣ್ಣೆ ನಿಲ್ಲೋದು. ಮ್ಯಾಲಿರೋ ಪಿಸ್ಟನ್ನು ಕುಣಿದಾಡೋದು ಕಾಣ್ತೈತೆ, ವಾಷರ್ ಕಾಣಲ್ಲ. ಈ ಊರಾಗೆ ನೀವು ಇದ್ದಂಗೆ."

ತಮ್ಮನ್ನು ತಳದಲ್ಲಿ ಕೂರಿಸಿದ್ದು ಅಧ್ಯಕ್ಷರಿಗೆ ಹೊಳೆಯಲಿಲ್ಲ. ಹಿಂಬಾಲಕರ ಕಡೆ ತಿರುಗಿ, "ನೋಡ್ರಲೇ, ಓದಿದೋರು ಅಂದ್ರೆ ಹಿಂಗಿರ್ಬೇಕು" ಎಂದು ಹೇಳಿ ಹೋದರು. ವಾಷರ್ ಅವರ ಮನೆಯ ದೇವರ ಗೂಡಿನಲ್ಲಿ ಸ್ಥಾನ ಪಡೆಯಿತು ಎಂದು ನಂತರ ಕೇಳಿದೆ.

ಅವರ ಇನ್ನೊಂದು ಪದ್ಧತಿ ಇದಕ್ಕಿಂತ ಅಪಾಯಕಾರಿಯಾಗಿತ್ತು. ತರಗತಿಯಲ್ಲಿ "ಗೊತ್ತಿಲ್ಲ ಸಾರ್" ಎನ್ನುವುದನ್ನು ಅವರು ನಿಷೇಧಿಸಿದ್ದರು. ಇಂಜಿನ್ ಯಾಕೆ ನಿಂತಿತು ಎಂದು ಕೇಳಿದರೆ ಏನಾದರೂ ಊಹಿಸಿ ಹೇಳಲೇಬೇಕು. ಈ ರೋಗ ಬೇರೆ ವಿಷಯಗಳಿಗೂ ಹರಡಿತು. ಸಮಾಜ ವಿಜ್ಞಾನದ ಕಿರುಪರೀಕ್ಷೆಯಲ್ಲಿ, ಅಶೋಕ ನಮ್ಮ ಸಿದ್ದಾಪುರದಲ್ಲಿ ಶಾಸನ ಬರೆಸಲು ಕಾರಣವೇನು ಎಂಬ ಪ್ರಶ್ನೆಗೆ ಒಬ್ಬ ಹುಡುಗ ಹೀಗೆ ಬರೆದಿದ್ದ: ಅಶೋಕನ ರಥದ ಅಚ್ಚು ಇಲ್ಲಿ ಮುರಿದಿರಬೇಕು, ರಿಪೇರಿ ತಡವಾಗಿರಬೇಕು, ಸುಮ್ಮನೆ ಕೂರಲಾಗದೆ ಬಂಡೆಯ ಮೇಲೆ ಬರೆಸಿರಬೇಕು. ಶಿಕ್ಷಕರು ಉತ್ತರ ಪತ್ರಿಕೆಯನ್ನು ನನಗೆ ತಂದು ತೋರಿಸಿದರು. ನಾನು ಅದನ್ನು ಇವರ ಮುಂದೆ ಇಟ್ಟೆ. ಇವರು ಅದನ್ನು ಗಮನವಿಟ್ಟು ಓದಿದರು.

"ಕಲ್ಲುದಾರಿ ಸಾರ್ ಅದು. ಅಚ್ಚು ಮುರಿಯೋದು ಖಾತ್ರಿ. ಅರ್ಧ ಮಾರ್ಕಾದ್ರೂ ಕೊಡ್ರಿ."

ಇಂಥ ಮನುಷ್ಯನ ಪದ್ಧತಿ ಒಂದಲ್ಲ ಒಂದು ದಿನ ಕುತ್ತಿಗೆಗೆ ಬರುತ್ತದೆಂದು ನನಗೆ ಗೊತ್ತಿತ್ತು. ಬಂದದ್ದು ಆ ಮಕ್ಕಳು ಹತ್ತನೇ ತರಗತಿಗೆ ಬಂದ ವರ್ಷ.

ಆ ತಂಡದಲ್ಲಿ ಸಿದ್ದಾಪುರದ ಆಚೆಯ ಕುರಿಹಟ್ಟಿಯ ಹುಡುಗಿಯೊಬ್ಬಳಿದ್ದಳು. ಮಾತು ಕಡಿಮೆ, ಕೆಲಸ ಚುರುಕು. ಅವಳ ಪಾಲಿಗೆ ಬಂದಿದ್ದು ಪಿಸ್ಟನ್ ಪಿನ್. ಪಿಸ್ಟನ್ನನ್ನೂ ಅದನ್ನು ಮೇಲೆ ಕೆಳಗೆ ಆಡಿಸುವ ಸರಳನ್ನೂ ಒಂದಕ್ಕೊಂದು ಸೇರಿಸುವ, ಕಿರುಬೆರಳಿನಷ್ಟು ದಪ್ಪದ ಟೊಳ್ಳು ಉಕ್ಕಿನ ತುಂಡು ಅದು. ಮಳೆಗಾಲ ಮುಗಿದು ಕಾವಲಿನ ಹುಲ್ಲು ಒಣಗಿದ ಮೇಲೆ ಆ ಹಟ್ಟಿಯ ಕುರಿಗಳು ಸಿರುಗುಪ್ಪದ ಕಡೆಯ ಗದ್ದೆ ಬಯಲಿಗೆ ಹೋಗುತ್ತವೆ. ಆ ವರ್ಷ ಕುರಿಗಳ ಜೊತೆಗೆ ಹುಡುಗಿಯೂ ಹೋದಳು. ಅಡುಗೆಗೆ, ಮರಿ ನೋಡಿಕೊಳ್ಳುವುದಕ್ಕೆ ತಂದೆಗೆ ಒಂದು ಕೈ ಬೇಕಾಗಿತ್ತು. ಅವಳ ಚೀಲದ ಜೊತೆಗೆ ಪಿನ್ನೂ ಹೋಯಿತು.

ನಾನು ಮಾಡಬೇಕಾದ್ದನ್ನೆಲ್ಲ ಕ್ರಮವಾಗಿ ಮಾಡಿದೆ. ಹಟ್ಟಿಗೆ ಹೋದೆ. ಅಲ್ಲಿ ಉಳಿದಿದ್ದ ಅಜ್ಜಿ, "ಕುರಿ ಎಲ್ಲಿ ಮೇಯ್ತಾವೋ ಅವರು ಅಲ್ಲಿರ್ತಾರೆ. ಓದಿದ್ದು ಸಾಕು ಅಂದ ನನ್ನ ಮಗ" ಎಂದರು. ತಂದೆಗೆ ನೋಟಿಸು ಬರೆದೆ. ಮೇಲಿನವರಿಗೆ ವರದಿ ಮಾಡಿದೆ. ಮೇಲಿನವರು ಸೂಕ್ತ ಕ್ರಮ ಕೈಗೊಳ್ಳುವಂತೆ ನನಗೇ ಬರೆದರು. ಹುಡುಗಿ ಬರಲಿಲ್ಲ. ಪ್ರಾಯೋಗಿಕ ಪರೀಕ್ಷೆಗೂ ಅವಳು ಬರದಿದ್ದರೆ ಹತ್ತನೇ ತರಗತಿ ಅಲ್ಲಿಗೇ ಮುಗಿದಂತೆ. ಹಾಗೆ ಮುಗಿದ ಮೇಲೆ ಆ ಹಟ್ಟಿಯ ಹೆಣ್ಣುಮಕ್ಕಳು ಮತ್ತೆ ಶಾಲೆಯ ಕಡೆ ತಿರುಗಿದ್ದನ್ನು ನಾನು ಕಂಡಿರಲಿಲ್ಲ.

ಇತ್ತ ಇಂಜಿನ್ನಿನದು ಬೇರೆ ಚಿಂತೆ. ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಮಕ್ಕಳು ಜೋಡಿಸಿದ ಇಂಜಿನ್ ಅವರ ಮುಂದೆ ಓಡಬೇಕು. ಓಡದಿದ್ದರೆ ಇಡೀ ತಂಡ ನಪಾಸು, ಮೇಷ್ಟ್ರ ಕೆಲಸವೂ ಹೋಗುತ್ತದೆ. ಒಂದು ಪಿನ್ ಕೊಂಡು ತನ್ನಿ ಎಂದು ಇವರಿಗೆ ಹೇಳಿದೆ.

"ಎಲ್ಲೂ ಸಿಗಲ್ಲ ಸಾರ್. ಆ ಸೈಜು ಬರೋದೇ ನಿಂತೈತೆ. ನಿಜಂಗಾ."

ನಿಜಂಗಾ ಎಂದ ಕೂಡಲೇ ನನಗೆ ಸಂಶಯ ಬಂತು. ಮುಂದಿನ ಭಾನುವಾರ ಚಳ್ಳಕೆರೆಯ ಬಿಡಿಭಾಗದ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಪಿನ್ ತೆಗೆದು ಗಾಜಿನ ಮೇಲೆ ಸುರಿದರು. ಒಂದನ್ನು ಕೊಂಡು ತಂದು ಸೋಮವಾರ ಇವರ ಮೇಜಿನ ಮೇಲೆ ಇಟ್ಟೆ.

ಅವರು ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. "ಡೂಪ್ಲಿಕೇಟು" ಎಂದು ಹೇಳಿ ಜೇಬಿಗೆ ಹಾಕಿಕೊಂಡರು.

"ಇದನ್ನು ಹಾಕಿದರೆ ಇಂಜಿನ್ ಓಡುವುದಿಲ್ಲವೇ?"

"ಓಡ್ತೈತೆ ಸಾರ್. ಓಡಿದ ಮೇಲೆ ಆ ಹುಡುಗೀನ ಯಾರು ಹುಡುಕ್ತಾರೆ? ನೀವು ಹುಡುಕ್ತೀರಾ? ನೋಟಿಸು ಬರೆದಾತಲ್ಲ ನಿಮ್ದು."

ನನಗೆ ಸಿಟ್ಟು ಬಂತು. ನೋಟಿಸಿನ ಬಗ್ಗೆ ಹಗುರವಾಗಿ ಮಾತಾಡುವವರನ್ನು ನಾನು ಯಾವತ್ತೂ ಸಹಿಸಿದವನಲ್ಲ. ಪರೀಕ್ಷೆಯ ದಿನ ಇಂಜಿನ್ ಓಡದಿದ್ದರೆ ವರದಿಯಲ್ಲಿ ಕಾರಣ ಬರೆಯುತ್ತೇನೆ ಎಂದೆ. "ಬರೀರಿ ಸಾರ್, ಅಕ್ಷರ ಚೆನ್ನಾಗೈತೆ ನಿಮ್ದು" ಎಂದರು.

ಅದೇ ಸಂಜೆ ಸ್ಟಾಫ್ ರೂಮಿನಿಂದ ಅವರ ದನಿ ಕೇಳಿಸಿತು. ಅವರು ಫೋನಿನಲ್ಲಿ ಮಾತಾಡುವಾಗ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದರು. ಕೇಳುವವರಿಲ್ಲದೆ ಮಾತಾಡುವುದು ಅವರಿಂದಾಗದ ಕೆಲಸ. ಆ ಕಡೆ ಕುರಿಗಳ ಸದ್ದು, ಗಾಳಿಯ ಸದ್ದು.

"ನಾವು ಇಂಜಿನ್ ಇಲಾಖೆಯಿಂದ ಮಾತಾಡ್ತಿರೋದು. ಚಿತ್ರದುರ್ಗ."

"ಯಾವ ಇಲಾಖೆ ಅಂದ್ರಿ?" ಹುಡುಗಿಯ ತಂದೆಯ ದನಿ.

"ಇಂಜಿನ್ ಇಲಾಖೆ."

"ನೀವು ಸ್ಕೂಲಿನ ಇಂಜಿನ್ ಮೇಷ್ಟ್ರು ಅಲ್ಲೇನ್ರೀ? ದನಿ ಹಂಗೇ ಐತಲ್ಲ."

"ಅವರೇ. ಈಗ ಇಲಾಖೆಗೆ ತಗೊಂಡಾರೆ. ಕೇಳ್ರಿ ಇಲ್ಲಿ. ನಿಮ್ಮ ಮಗಳ ಹತ್ರ ಸರ್ಕಾರದ ಮಾಲು ಐತೆ."

"ಆ ಕಬ್ಬಿಣದ ತುಂಡಾ? ಐತೆ ಬಿಡ್ರಿ. ಹುಲ್ಲಿನ ಲಾರಿ ಆ ಕಡೆ ಬರ್ತೈತೆ, ಡ್ರೈವರ್ ಕೈಯಾಗೆ ಕಳಿಸ್ತೀನಿ."

"ಡ್ರೈವರ್ ಕೈಯಾಗೆ ಬರೋ ಹಂಗಿದ್ರೆ ಡ್ರೈವರ್‌ಗೇ ಕೊಡ್ತಿದ್ವಿ. ಯಾರ ಹೆಸರಿಗೆ ಕೊಟ್ಟೈತೋ ಅವರೇ ಪ್ರಾಕ್ಟಿಕಲ್ ಪರೀಕ್ಷೆ ದಿನ ಖುದ್ದಾಗಿ ಬಂದು, ಅದರ ಜಾಗದಾಗೆ ಇಟ್ಟು ಹೋಗ್ಬೇಕು. ರೂಲ್ಸು. ಬರ್ಲಿಲ್ಲ ಅಂದ್ರೆ ನಿಜಂಗಾ ಹೇಳ್ತೀನಿ, ಜೀಪು ಗದ್ದೆ ಬಯಲಿಗೇ ಬರ್ತೈತೆ."

"ಜೀಪ್ ಯಾಕ್ರೀ ಬೇಕು! ಕಳ್ಳರೇನ್ರೀ ನಾವು?"

"ಅಲ್ಲ ಅಂತ್ಲೇ ಮೊದ್ಲು ಫೋನ್ ಮಾಡಿರೋದು."

ಫೋನ್ ಕಡಿಯಿತು. ನಾನು ಒಳಗೆ ಹೋಗಿ ಅವರಿಗೆ ಹೇಳಬೇಕಾದ್ದನ್ನು ಹೇಳಿದೆ. ಇಲ್ಲದ ಇಲಾಖೆಯ ಹೆಸರಿನಲ್ಲಿ ಹೆದರಿಸುವುದು ಅಪರಾಧ ಎಂದೆ. ಅವರು ತಲೆಯಾಡಿಸಿ ಎಲ್ಲವನ್ನೂ ಒಪ್ಪಿಕೊಂಡರು. ಒಪ್ಪಿಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

ಪರೀಕ್ಷೆಯ ದಿನ ಬಂದ ಪರೀಕ್ಷಕರು ಇನ್ನೂ ಮೀಸೆ ಸರಿಯಾಗಿ ಬರದ ತರುಣ. ಕೈಯಲ್ಲಿ ದೊಡ್ಡ ಫೋನ್. ಇಂಜಿನ್ ಓಡುವ ವಿಡಿಯೋ ತೆಗೆದು ಅದರಲ್ಲೇ ಮೇಲೆ ಕಳಿಸಬೇಕಂತೆ, ಸಂಜೆಯೊಳಗೆ. ಮಕ್ಕಳು ಜೋಡಿಸಲು ಶುರು ಮಾಡಿದರು. ಅಧ್ಯಕ್ಷರ ಮಗ ಎಲ್ಲರಿಗಿಂತ ಮೊದಲು, ಅರಿಶಿನ ಕುಂಕುಮ ಮೆತ್ತಿದ್ದ ವಾಷರ್ ಒರೆಸಿ ತಳದಲ್ಲಿ ಕೂರಿಸಿದ. ಗೇರುಗಳು ಕೂತವು, ಕ್ಲಚ್ ಪ್ಲೇಟು ಕೂತಿತು. ಸರಳಿಗೆ ಪಿಸ್ಟನ್ ಸೇರಿಸುವ ಹೊತ್ತಿಗೆ ಎಲ್ಲ ನಿಂತಿತು. ಪಿನ್ ಇಲ್ಲದೆ ಪಿಸ್ಟನ್ ನಿಲ್ಲುವುದಿಲ್ಲ, ಪಿಸ್ಟನ್ ನಿಲ್ಲದೆ ಅದರ ಮೇಲಿನ ಯಾವುದೂ ಕೂರುವುದಿಲ್ಲ. ಉಳಿದ ಮಕ್ಕಳು ತಮ್ಮ ತಮ್ಮ ಭಾಗಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸಾಲಾಗಿ ನಿಂತರು, ಪ್ರಸಾದಕ್ಕೆ ನಿಂತವರಂತೆ.

"ಏನು ಕಾಯ್ತಿದ್ದೀರಿ?" ಪರೀಕ್ಷಕರು ಕೇಳಿದರು.

"ಇಂಜಿನ್ ತಣ್ಣಗಾಗ್ಲಿ ಅಂತ ಸಾರ್," ಎಂದರು ಇವರು.

"ಅದು ಇನ್ನೂ ಓಡೇ ಇಲ್ಲವಲ್ಲ?"

"ಈ ಕಡೆ ಬಿಸಿಲು ಹಂಗೈತೆ ಸಾರ್. ನೀವು ಹೊಸಬರು."

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ಎಣ್ಣೆ ಗಿರಣಿಯ ಕಥೆ ಹೇಳಿದರು. ಚಹಾ ತರಿಸಿದರು. ಹೆಲಿಕಾಪ್ಟರ್ ಹಾರಿಸಿದರು. ಪರೀಕ್ಷಕರು ಮೊದಲು ಗಡಿಯಾರ ನೋಡುತ್ತಿದ್ದರು, ಆಮೇಲೆ ನೋಡುವುದನ್ನು ಬಿಟ್ಟರು. ಬಜ್ಜಿ ಮುಗಿದು, ಕಥೆಯೂ ಮುಗಿದು, ಕಾವಲಿನ ವಿಜ್ಞಾನಿಗಳ ಸರದಿ ಬಂತು. ಆ ಕಥೆಯನ್ನು ಅವರು ಅಷ್ಟು ಉದ್ದಕ್ಕೆ ಹೇಳಿದ್ದು ನಾನು ಹಿಂದೆ ಕೇಳಿರಲಿಲ್ಲ. ಅವರ ಜೇಬಿನಲ್ಲಿ ನಾನು ತಂದುಕೊಟ್ಟ ಪಿನ್ ಇತ್ತು. ಅಂಗಿಯ ಬಟ್ಟೆಯಲ್ಲಿ ಅದರ ಆಕಾರ ಕಾಣುತ್ತಿತ್ತು. ಅವರು 'ದೇಶದ ವಿಚಾರ' ಹೇಳುತ್ತಿದ್ದರು, ಹಣೆಯಿಂದ ಬೆವರು ಇಳಿಯುತ್ತಿತ್ತು, ಕಣ್ಣು ಗೇಟಿನ ಮೇಲಿತ್ತು. ಒಂದು ಸಲ ಕೈ ಜೇಬಿನ ತನಕ ಹೋಯಿತು. ಸ್ಕ್ರೂಡ್ರೈವರ್ ಸರಿ ಮಾಡಿಕೊಂಡು ವಾಪಸ್ಸು ಬಂತು.

ಗೇಟಿನ ಹೊರಗೆ ಹುಲ್ಲಿನ ಲಾರಿ ನಿಂತಿತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ತಂದೆ ಮುಂದೆ, ತಲೆಯಲ್ಲಿ ಹುಲ್ಲಿನ ಎಸಳು ಸಿಕ್ಕಿಸಿಕೊಂಡ ಹುಡುಗಿ ಹಿಂದೆ.

ಇವರು ಎದ್ದು ನಿಲ್ಲಲೂ ಇಲ್ಲ. ಹಾಜರಿ ಕರೆಯುವ ದನಿಯಲ್ಲೇ, "ಪಿಸ್ಟನ್ ಪಿನ್?" ಎಂದರು.

"ಬಂದೀನಿ ಸಾರ್."

"ತಡ ಆತಲ್ಲ?"

"ಲಾರಿ ಕೆಟ್ಟಿತ್ತು ಸಾರ್."

ಇವರು ನನ್ನ ಮುಖವನ್ನೇ ನೋಡಿದರು. ಹುಡುಗಿ ಸೆರಗಿನಂತೆ ಹೊದ್ದಿದ್ದ ವೇಲಿನ ತುದಿಯ ಗಂಟು ಬಿಚ್ಚಿ ಪಿನ್ ತೆಗೆದಳು. ಅದನ್ನು ಮೂಸಿ ನೋಡಿ ಇವರು ಹುಬ್ಬೇರಿಸಿದರು. "ಅಡಿಕೆ ವಾಸನೆ ಐತಲ್ಲೇ?"

"ಹಟ್ಟಿಯಾಗಿದ್ದಾಗ ಅಜ್ಜಿ ಅದ್ರಲ್ಲೇ ಅಡಿಕೆ ಕುಟ್ಕೊಂತಿದ್ಳು ಸಾರ್. ಆಮೇಲೆ ಬೂದಿ ಹಾಕಿ ತಿಕ್ಕೀನಿ."

ಅವಳು ಕೂತು ಪಿಸ್ಟನ್ನಿಗೆ ಪಿನ್ ತೂರಿಸಿದಳು, ಎರಡೂ ಕಡೆ ಲಾಕ್ ಕೂರಿಸಿ ಬೆರಳಿನಿಂದ ಒತ್ತಿ ನೋಡಿದಳು. ಸಾಲು ಮುಂದೆ ಸರಿಯಿತು. ಕೊನೆಗೆ ಕಿಕ್ಕರ್ ತುಳಿದಾಗ ಇಂಜಿನ್ ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹೊತ್ತಿಕೊಂಡಿತು. ಇಡೀ ಕೊಠಡಿ ಹೊಗೆಯಿಂದ ತುಂಬಿತು. ಕನ್ನಡದ ಶಿಕ್ಷಕಿ ಎರಡು ಕಿಟಕಿ ಮುಚ್ಚಿದರು. ಪರೀಕ್ಷಕರು ಕೆಮ್ಮುತ್ತಲೇ ವಿಡಿಯೋ ತೆಗೆದರು. ಹುಡುಗಿಯ ತಂದೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು, "ಇಷ್ಟು ಸದ್ದಿಗೆ ಇಷ್ಟು ಜನ ಬೇಕಾ?" ಎಂದರು.

ಹೊಗೆ ಇಳಿಯುತ್ತಲೇ ಅವರು ಮಗಳ ಕಡೆ ತಿರುಗಿದರು. "ಕೊಟ್ಟಾತಲ್ಲ? ನಡಿಯವ್ವ, ಲಾರಿ ನಿಂತೈತೆ. ಮರಿ ಒಂದೇ ಸಮ ಅರಚ್ತಿರ್ತಾವೆ."

ಹುಡುಗಿ ಚೀಲ ಎತ್ತಿಕೊಂಡಳು. ಪ್ರಾಯೋಗಿಕ ಪರೀಕ್ಷೆಯೇನೋ ಆಯಿತು. ಪಬ್ಲಿಕ್ ಪರೀಕ್ಷೆ ಇನ್ನೂ ಮುಂದಿತ್ತು. ಲಾರಿ ಹತ್ತಿದರೆ ಅವಳು ಅದಕ್ಕೆ ಬರುವುದಿಲ್ಲವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನಿಲ್ರಿ, ನಿಲ್ರಿ," ಎಂದರು ಇವರು, ಕೈ ಒರೆಸಿಕೊಳ್ಳುತ್ತ. "ಮಾಲು ಕೊಟ್ರೆ ಆಗ್ಲಿಲ್ಲ. ವಾಪಸ್ ಬಂತು ಅಂತ ರಸೀದಿ ತಗೋಬೇಕು. ಇಲ್ಲಾಂದ್ರೆ ನಾಳೆ ಇನ್ಯಾರೋ ಬಂದು ಕೇಳ್ತಾರೆ."

"ಕೊಡ್ರಿ ಮತ್ತೆ."

"ಈಗ್ಲೇ ಕೊಡಕ್ಕೆ ಬರಲ್ಲ. ಪಬ್ಲಿಕ್ ಪರೀಕ್ಷೆ ಮುಗಿದ ಮೇಲೇ ರಸೀದಿ. ಅಲ್ಲಿವರೆಗೂ ಮಾಲು ತಗೊಂಡಿದ್ದೋರು ಶಾಲೆಗೆ ಬರ್ತಿರ್ಬೇಕು, ಪರೀಕ್ಷೆಗೆ ಕೂರ್ಬೇಕು. ನಿಜಂಗಾ."

ಅವರ ಮಾತು ಮುಗಿದ ಮೇಲೆ ತಂದೆ ಅವರನ್ನು ಮೇಲಿನಿಂದ ಕೆಳಕ್ಕೆ ನೋಡಿದರು. ಆತ ದಡ್ಡರಲ್ಲ. ಕಂಬಳಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದರು.

"ಈ ಮೇಷ್ಟ್ರ ಮಾತು ನಾನು ಅರ್ಧ ನಂಬಲ್ರಿ. ನೀವು ಹಟ್ಟಿಗೆ ಬಂದಿದ್ರಂತೆ, ನಮ್ಮವ್ವ ಹೇಳಿದ್ಳು. ನೀವು ಹೇಳ್ರಿ. ಹೌದಾ?"

ಹುಡುಗಿ ಚೀಲದ ಪಟ್ಟಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು. ಇಂಜಿನ್ ಮೇಷ್ಟ್ರು ಜೀವಮಾನದಲ್ಲಿ ಒಂದೇ ಸಲ ಬಾಯಿ ಮುಚ್ಚಿಕೊಂಡು ನಿಂತಿದ್ದರು. ಹಾಗೊಂದು ನಿಯಮ ಯಾವ ಸುತ್ತೋಲೆಯಲ್ಲೂ ಇಲ್ಲ. ಸುತ್ತೋಲೆಗಳನ್ನು ನಾನು ಒಂದೂ ಬಿಡದೆ ಓದಿದವನು.

"ಹೌದು," ಎಂದೆ. "ಪರೀಕ್ಷೆ ಮುಗಿದ ಮೇಲೆ ಬನ್ನಿ. ರಸೀದಿ ನಾನೇ ಕೊಡುತ್ತೇನೆ."

"ನೀವು ಅಂದ್ಮ್ಯಾಲೆ ಆತು ಬಿಡ್ರಿ. ಅವ್ವನ ಹತ್ರ ಇರ್ಲಿ." ಆತ ಒಬ್ಬರೇ ಲಾರಿ ಹತ್ತಿ ಹೋದರು.

ಹುಡುಗಿ ಪರೀಕ್ಷೆಗೆ ಕೂತಳು. ಈಗ ಚಳ್ಳಕೆರೆಯಲ್ಲಿ ಐಟಿಐ ಓದುತ್ತಿದ್ದಾಳೆ. ಇವರು ಮಾತ್ರ ಅಂಗಡಿಗೆ ಬರುವವರಿಗೆಲ್ಲ ತಮ್ಮ ಶಿಷ್ಯೆ ವಿಮಾನ ಕಟ್ಟುತ್ತಿದ್ದಾಳೆ ಎಂದು ಹೇಳುತ್ತಿದ್ದಾರೆ. ಇಂಜಿನ್ ಓಡಿದ ವಿಡಿಯೋ ಸಂಜೆಯೊಳಗೆ ಮೇಲೆ ಹೋಯಿತು, ಯಾರೂ ತೆರೆದು ನೋಡಿದ ಹಾಗೆ ಕಾಣಲಿಲ್ಲ. ಏಕೆಂದರೆ ಆ ತಿಂಗಳ ಕೊನೆಗೆ ಏಜೆನ್ಸಿಯ ಗುತ್ತಿಗೆ ಮುಗಿದು ಇವರ ಕೆಲಸ ಹೋಯಿತು, ಮುಂದಿನ ವರ್ಷದಿಂದ ನಮ್ಮ ಶಾಲೆಗೆ ಇಂಜಿನ್ ರಿಪೇರಿಯ ಬದಲು ಸೌಂದರ್ಯ ಚಿಕಿತ್ಸೆಯ ವಿಷಯ ಮಂಜೂರಾಯಿತು. ಇಂಜಿನ್ ಇದ್ದ ಮೇಜಿನ ಮೇಲೆ ಕನ್ನಡಿ ಬಂತು.

ಪಬ್ಲಿಕ್ ಪರೀಕ್ಷೆ ಮುಗಿದ ಮರುದಿನ ಹುಡುಗಿಯ ತಂದೆ ರಸೀದಿಗೆ ಬಂದರು, ಮಗಳನ್ನೂ ಕರೆದುಕೊಂಡು. ಇವರೂ ಅಂದು ಅನುಭವ ಪತ್ರ ಕೇಳಿಕೊಂಡು ಬಂದು ನನ್ನೆದುರು ಕೂತಿದ್ದರು. ನಾನು ಶಾಲೆಯ ಹೆಸರಿದ್ದ ಕಾಗದ ತೆಗೆದು, ಪಿಸ್ಟನ್ ಪಿನ್ ಒಂದು, ಸುಸ್ಥಿತಿಯಲ್ಲಿ ಸ್ವೀಕರಿಸಲಾಗಿದೆ ಎಂದು ಬರೆದು, ಸಹಿ ಮಾಡಿ, ದುಂಡು ಮೊಹರು ಒತ್ತಿದೆ. ತಂದೆ ಅದನ್ನು ಮಗಳ ಕೈಗೆ ಕೊಟ್ಟು ಓದಿಸಿ ಕೇಳಿದರು. ಅವಳು ಗಟ್ಟಿಯಾಗಿ ಓದಿದಳು, ನಮ್ಮಿಬ್ಬರ ಮುಖವನ್ನು ಮಾತ್ರ ನೋಡಲಿಲ್ಲ.

ಇವರು ಕೈ ಚಾಚಿ ಕಾಗದ ಇಸಿದುಕೊಂಡರು. ಹಣೆಯ ಕನ್ನಡಕ ಕಣ್ಣಿಗೆ ಇಳಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸಾರ್, ಕಚೇರಿ ನಂಬರ್ ಎಲ್ಲಿ? ನಂಬರ್ ಇಲ್ದೆ ಕೊಟ್ರೆ ಕಾಗದಕ್ಕೆ ಏನ್ ಬೆಲೆ?"

ನಾನು ರಿಜಿಸ್ಟರ್ ಎಳೆದುಕೊಂಡು ನಂಬರ್ ಹಾಕಿದೆ.